ಬರೀ ಗಂಡುಗಿಡಗಳ ದಂಡೆ

ನಮ್ಮ ಮನೆಯಲ್ಲಿ ಸ್ನಾನ ಮಾಡಬೇಕಾದರೆ ಮೊದಲು ಗಿಡಗಳ ಅಪ್ಪಣೆ ಕೇಳಬೇಕು. ಬಚ್ಚಲಿನ ಬಕೆಟ್ಟುಗಳಲ್ಲಿ ಜೊಂಡು, ಮೂಲೆಯ ಟಬ್ಬಿನಲ್ಲಿ ನೀರುಹುಲ್ಲು, ಕಿಟಕಿಯ ಮೇಲೆ ಸಾಲಾಗಿಟ್ಟ ಮೊಸರಿನ ಡಬ್ಬಿಗಳಲ್ಲಿ ಈಗಷ್ಟೇ ತಲೆಯೆತ್ತಿದ ಸಸಿಗಳು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಯಾರೋ ಕೊಳಕು ನೀರು ಚೆಲ್ಲಲು ಮರೆತಿದ್ದಾರೆಂದು ಒಂದು ಬಕೆಟ್ಟನ್ನು ಮೋರಿಗೆ ಸುರಿದು ಬಟ್ಟೆ ನೆನೆಸಿಬಿಟ್ಟಿದ್ದೆ. ನಮ್ಮೋರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಏನು ಮಾಡ್ಬಿಟ್ಟೆ ಮಾರಾಯ್ತಿ! ಅದು ಅಕ್ಕಂದು!" ಎಂದರು. ಅವತ್ತಿನಿಂದ ಇವತ್ತಿನವರೆಗೆ ಈ ಮನೆಯಲ್ಲಿ ಬಕೆಟ್ಟು ಮುಟ್ಟುವ ಮೊದಲು ನಾನು ಒಳಗೆ ಬಗ್ಗಿ ನೋಡುತ್ತೇನೆ.

ಅಕ್ಕ ಎಂದರೆ ನನ್ನ ಗಂಡನ ಅಕ್ಕ. ಬೀದಿಗೆಲ್ಲ ಜೊಂಡಕ್ಕ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ತಲೆಗೊಂದು ಹಳೇ ಟವೆಲ್ ಸುತ್ತಿ ಬೆಳಗ್ಗೆ ಹಿತ್ತಲಿಗಿಳಿದರೆ ಹೊಟ್ಟೆ ಹಸಿದಾಗಲೇ ಮೇಲೆ ಬರುವವರು. ನನಗೂ ಅವರಿಗೂ ಬಕೆಟ್ಟಿನ ವಿಷಯಕ್ಕೆ, ಕೆಸರಿನ ಹೆಜ್ಜೆಯ ವಿಷಯಕ್ಕೆ, ಫ್ರಿಜ್ಜಿನಲ್ಲಿ ತರಕಾರಿಯ ಜೊತೆ ಬೀಜ ಇಡುವ ವಿಷಯಕ್ಕೆ ಜಗಳವಾಗದ ದಿನ ಕಡಿಮೆ. ಹಾಗೆಂದು ಅವರ ಬಗ್ಗೆ ಬೇರೆ ಯಾರಾದರೂ ಒಂದು ಮಾತಾಡಿದರೆ ನಾನು ಸುಮ್ಮನೆ ಬಿಡುವವಳಲ್ಲ.

ನಮ್ಮ ಬೀದಿಯ ಮನೆಗಳ ಹಿತ್ತಲುಗಳೆಲ್ಲ ಇಳಿಜಾರಾಗಿ ಹಳ್ಳಕ್ಕೆ ಹೋಗಿ ಮುಟ್ಟುತ್ತವೆ. ಹಳ್ಳ ಇನ್ನೂ ಸ್ವಲ್ಪ ಮುಂದೆ ಹೋಗಿ ಒಂದು ಜೌಗಿನಲ್ಲಿ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದು ಪಾಪದ ಹಳ್ಳ. ಮಳೆಗಾಲದಲ್ಲಿ ಅದಕ್ಕೆ ಬಾಯಿ ಬರುತ್ತದೆ. ಒಂದು ವರ್ಷ ಪಕ್ಕದ ಮನೆ ದರ್ಜಿಯ ಕಕ್ಕಸಿನ ಗೋಡೆ ನುಂಗಿತು. ಇನ್ನೊಂದು ವರ್ಷ ನಮ್ಮ ಬಟ್ಟೆ ಒಗೆಯುವ ಕಲ್ಲನ್ನೇ ಎತ್ತಿಕೊಂಡು ಹೋಯಿತು. ಮಣ್ಣು ಕುಸಿದು ಜೌಗು ತುಂಬಿ, ಅಲ್ಲಿದ್ದ ಜೊಂಡೂ ಸತ್ತು, ಹಕ್ಕಿಗಳೂ ಬರುವುದನ್ನು ಬಿಟ್ಟವು. ಆ ದಂಡೆಯನ್ನು ಮತ್ತೆ ಹಿಡಿದು ನಿಲ್ಲಿಸಿದವರು ಜೊಂಡಕ್ಕ. ಹಿಡಿದು ನಿಲ್ಲಿಸಿದ್ದು ಒಂದು ಕಡ್ಡಿಯಿಂದ.

ಆ ಕಡ್ಡಿಯ ಕತೆ ಹೇಳಬೇಕು. ಜೊಂಡಕ್ಕನನ್ನು ಮದುವೆ ಮಾಡಿಕೊಟ್ಟಿದ್ದು ಇದೇ ಹಳ್ಳದ ಮೇಲ್ಗಡೆಗೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಗಂಡ ಗಡಿಯಾರ ರಿಪೇರಿ ಮಾಡುವವರು. ಕುಡಿತವಿಲ್ಲ, ಜೂಜಿಲ್ಲ, ಕೈ ಎತ್ತಿದವರಲ್ಲ. ಮಾತೂ ಇಲ್ಲ. ಬೆಳಗ್ಗೆ ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಕೂತರೆ ಸಂಜೆಯವರೆಗೆ ಗಡಿಯಾರಗಳದ್ದೇ ಟಿಕ್ ಟಿಕ್. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಬಂಗಾರ ಕುದಿಸಿ ಕುಡಿಯಲಿಕ್ಕಾಗುತ್ತದೆಯೇ? ಕೆಲವು ವರ್ಷ ಅಲ್ಲಿ ಬಾಳಿ, ಒಂದು ಮಳೆಗಾಲದ ಮಧ್ಯಾಹ್ನ ಜೊಂಡಕ್ಕ ಹೊರಟು ಬಂದುಬಿಟ್ಟರು. ಯಾಕೆಂದು ಒಡಹುಟ್ಟಿದ ತಮ್ಮನಿಗೂ ಹೇಳಲಿಲ್ಲ. ನಾನು ಕೆದಕದೆ ಬಿಟ್ಟಿಲ್ಲ. ನನ್ನ ಸ್ವಭಾವವೇ ಹಾಗೆ, ಗಂಟು ಕಂಡರೆ ಬಿಚ್ಚಿ ನೋಡಬೇಕು. ಆದರೆ ಆ ಗಂಟು ನನ್ನ ಕೈಗೆ ಸಿಗಲಿಲ್ಲ. "ಆ ಹೊಸಿಲು ಮತ್ತೆ ತುಳಿಯಲ್ಲ. ಇಷ್ಟು ಸಾಕಲ್ವಾ ನಿಂಗೆ?" ಎಂದು ಬೂಟು ಏರಿಸಿಕೊಂಡು ಹೋಗಿಬಿಡುತ್ತಿದ್ದರು.

ಬರುವಾಗ ಆ ಮನೆಯ ಹಿಂದೆ ಹಳ್ಳದ ನೀರು ನಿಲ್ಲುವ ಕೊಳದಂಚಿನ ದಾರಿ ಜಾರುತ್ತಿತ್ತಂತೆ. ಊರಿಕೊಳ್ಳಲು ಪೊದೆಯೊಂದರಿಂದ ಕಡ್ಡಿ ಮುರಿದುಕೊಂಡರು. ಬಸ್ಸಿಳಿದ ಮೇಲೂ ಅದು ಕೈಯಲ್ಲೇ ಉಳಿಯಿತು. ಇಲ್ಲಿ ಬಾಗಿಲ ಪಕ್ಕದ ಬಕೆಟ್ಟಿನಲ್ಲಿ ಇಳಿಬಿಟ್ಟು ಮರೆತರು; ಕಡ್ಡಿ ಬೇರು ಬಿಟ್ಟಿತು. "ಆ ಮನೆಯದ್ದು ಒಂದು ಹುಲ್ಲುಕಡ್ಡಿನೂ ಬೇಡ ಅಂತ ಬಂದವರು, ಕಡ್ಡಿನೇ ತಂದ್ರಲ್ಲ!" ಎಂದು ನಾನು ರೇಗಿಸಿದರೆ ಅವರು ನಗುತ್ತಿರಲಿಲ್ಲ.

ಅದಕ್ಕೆ ಪುಸ್ತಕದಲ್ಲಿ ಏನೇನೋ ಹೆಸರಿರಬಹುದು, ನಮ್ಮ ಬೀದಿಯಲ್ಲಿ ಕಡ್ಡಿಗಿಡ. ಎಲೆ ಉದುರಿದ ಕಾಲದಲ್ಲಿ ಹೆಬ್ಬೆರಳು ದಪ್ಪದ ಕಡ್ಡಿ ಕಡಿದು, ಬುಡವನ್ನು ಓರೆಯಾಗಿ ಚೂಪು ಮಾಡಿ, ಒಂದಷ್ಟು ದಿನ ನೀರಿನಲ್ಲಿ ನೆನೆಹಾಕಿ, ಮರದ ಕೊಡತಿಯಿಂದ ದಂಡೆಗೆ ಬಡಿಯಬೇಕು. ಮಳೆಗೆ ಮುಂಚೆ ಬೇರು ಮಣ್ಣನ್ನು ಹೊಲಿದುಬಿಡುತ್ತದೆ. ಕಡ್ಡಿಗಳ ನಡುವೆ ಜೊಂಡು, ನೀರಿನಂಚಿಗೆ ಹುಲ್ಲು. ಮನೆಯಲ್ಲಿ ಬೆಳೆಸಿದ ಸಸಿಗಳನ್ನು ಹಳ್ಳಕ್ಕಿಳಿಸುವ ಮೊದಲು ಅವರು ಬೇಕೆಂದೇ ಗೋಳು ಹೊಯ್ದುಕೊಳ್ಳುತ್ತಿದ್ದರು. ಒಂದು ವಾರ ನೀರೇ ಇಲ್ಲ, ಇನ್ನೊಂದು ವಾರ ಕುತ್ತಿಗೆವರೆಗೆ ಮುಳುಗಿಸಿ ಇಡುವುದು. "ಪಾಪ ಕಣ್ರೀ" ಎಂದರೆ, "ಮುದ್ದು ಮಾಡಿ ಬೆಳೆಸಿದ್ದೇ ಮೊದಲು ಕೊಚ್ಚಿಕೊಂಡು ಹೋಗೋದು. ಪಾಪ ಅನ್ನೋದು ಆಗ," ಎನ್ನುತ್ತಿದ್ದರು. ದಂಡೆ ನಿಂತಿತು. ಜೌಗಿಗೆ ಹಕ್ಕಿಗಳು ಬಂದವು. ಮೊದಲು ಅವರನ್ನು ಹುಚ್ಚಿ ಎಂದಿದ್ದ ದರ್ಜಿ ಈಗ ಬೆಳಗಾದರೆ ಹಿತ್ತಲಲ್ಲಿ ನಿಂತು, "ನಮ್ಮ ಜೊಂಡಕ್ಕ ಇಲ್ದಿದ್ರೆ ನಾನು ಹೊಲಿಗೆ ಮೆಷಿನ್ ಸಮೇತ ಸಮುದ್ರ ಸೇರ್ತಿದ್ದೆ" ಎನ್ನುತ್ತಾರೆ.

ಹಾಗಿದ್ದೂ ಪ್ರತಿ ಮಳೆಗಾಲ ಹಳ್ಳ ಅಲ್ಲಿಷ್ಟು ಇಲ್ಲಿಷ್ಟು ಕಚ್ಚಿಕೊಂಡು ಹೋಗುತ್ತಿತ್ತು. ಪ್ರತಿ ವರ್ಷ ಜೊಂಡಕ್ಕ ನೀರಿನಲ್ಲಿ ಮಂಡಿಯೂರಿ ಹೊಸ ಕಡ್ಡಿ ಬಡಿಯುತ್ತಿದ್ದರು. ಮಂಡಿ ಎಷ್ಟು ದಿನ ತಡೆದೀತು? ಒಂದು ದಿನ ಕೆಳಗಿಳಿದವರು ಮೇಲೆ ಬರಲಾಗದೆ ಅಲ್ಲೇ ಕೂತುಬಿಟ್ಟರು. ನಾನೂ ದರ್ಜಿಯೂ ಎತ್ತಿ ತಂದೆವು. ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು, "ಇನ್ನು ನೀರಿಗೆ ಇಳಿಯೋದು, ಮಂಡಿಯೂರೋದು ಎರಡೂ ಬಿಟ್ಟುಬಿಡಿ" ಎಂದರು. ಮನೆಗೆ ಬಂದ ಮೇಲೆ ಜೊಂಡಕ್ಕ ನನ್ನನ್ನು ಕೂರಿಸಿಕೊಂಡು ಹೇಳಿದರು.

"ನಾನು ನೆಟ್ಟಿದ್ದು ನನ್ನ ಕಾಲು ಇರೋ ತನಕ ಕಣೆ. ತಾನಾಗಿ ಹುಟ್ಟಿದ್ರೆ ಮಾತ್ರ ನಾನಿಲ್ದೆನೂ ಇರತ್ತೆ. ಆ ತಿರುವಲ್ಲಿ ಹೊಸ ಕೆಸರು ಬಿದ್ದಿದೆಯಲ್ಲ, ಅಲ್ಲಿ ಒಂದೇ ಒಂದು ಮರಿ ಹುಟ್ಟಲಿ ನೋಡೋಣ. ಆಮೇಲೆ ಈ ಕಾಲು ಹೋದ್ರೂ ಹೋಗಲಿ."

ಅಲ್ಲಿಂದ ಶುರುವಾಯಿತು ಕಾಯುವುದು. ಹಳ್ಳದ ತಿರುವಿನಲ್ಲಿ ಮಳೆ ಬಿಟ್ಟುಹೋದ ಕೆಸರಿನ ಹಾಸಿನ ಎದುರು ಸ್ಟೂಲು ಹಾಕಿಕೊಂಡು ಕೂತೇ ಕೂತರು. ಚಳಿ ಕಳೆಯಿತು, ಕಡ್ಡಿಗಿಡಗಳು ಎಲೆ ಬರುವ ಮೊದಲೇ ಹೂ ಬಿಟ್ಟವು, ಹೂ ಉದುರತೊಡಗಿತು. ಕೆಸರಿನಲ್ಲಿ ಕಳೆಹುಲ್ಲು ಬಂತು, ಪಕ್ಕದ ಮನೆಯ ಟೊಮೆಟೊ ಕೂಡ ಬಂತು, ಕಡ್ಡಿಗಿಡ ಮಾತ್ರ ಬರಲಿಲ್ಲ. ಒಂದು ದಿನ ನಾನು ಬಟ್ಟೆ ಒಣಹಾಕುವಾಗ ಕೆಳಗಿನಿಂದ ಕೂಗಿದರು.

"ಬಾರೆ ಇಲ್ಲಿ. ಈ ಹೂವು ಮುಟ್ಟು."

ಮುಟ್ಟಿದೆ. ಬೆರಳಿಗೆ ಹಳದಿ ಪುಡಿ ಮೆತ್ತಿಕೊಂಡಿತು.

"ಈಗ ಅದನ್ನ ಮುಟ್ಟು. ಅದರಾಚೆದು."

ಅದೂ ಹಳದಿ. ಅದರಾಚೆಯದೂ ಹಳದಿ. ದಂಡೆಯುದ್ದಕ್ಕೂ ನನ್ನನ್ನು ನಡೆಸಿ ಮುಟ್ಟಿಸಿದರು. ನನ್ನ ಹತ್ತೂ ಬೆರಳು ಹಳದಿಯಾದವು.

"ಎಲ್ಲಾ ಗಂಡು," ಎಂದರು ಜೊಂಡಕ್ಕ. "ಈ ಗಿಡದಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ. ಹೆಣ್ಣುಗಿಡದಲ್ಲಿ ಬಿಳಿ ಹತ್ತಿ ಹಾರತ್ತೆ, ಅದರಲ್ಲೇ ಬೀಜ. ಆ ಕೊಳದ ಹತ್ರ ನೋಡಿದ್ದೆ ನಾನು. ಇಲ್ಲಿ ಹತ್ತಿ ಹಾರದಿದ್ರೆ ಗಾಳಿಗೆ ಹೋಗಿರತ್ತೆ ಅಂದ್ಕೊಂಡೆ. ಥೂ ನನ್ನ ಬುದ್ಧಿಗಿಷ್ಟು!"

ಬೀಜ ಬಿತ್ತುವವರಿಗೆ ಈ ತಪ್ಪು ಆಗುವುದಿಲ್ಲ. ಕಡ್ಡಿ ನೆಡುವವರಿಗೆ ಹೂವಿನ ಗೊಡವೆಯೇ ಇಲ್ಲ. ಅವರು ಅವತ್ತು ಊರಿಕೊಂಡು ಬಂದ ಕಡ್ಡಿ ಗಂಡುಗಿಡದ್ದು. ಅದರಿಂದ ಕಡಿದದ್ದು ಗಂಡು, ಅದರಿಂದ ಕಡಿದದ್ದೂ ಗಂಡು. ಇಡೀ ದಂಡೆ ಹೆಸರಿಗೆ ನೂರಾರು ಗಿಡ, ನಿಜಕ್ಕೆ ಒಂದೇ. ನನಗೆ ನಗು ತಡೆಯಲಾಗಲಿಲ್ಲ. "ಅಂದ್ರೆ ಇಷ್ಟು ವರ್ಷ ನಾನು ನೀರು ಹೊತ್ತಿದ್ದು ಬ್ರಹ್ಮಚಾರಿಗಳ ಹಾಸ್ಟೆಲ್‌ಗಾ?" ಎಂದುಬಿಟ್ಟೆ. ಅಂದ ಮೇಲೆ ಅವರ ಮುಖ ನೋಡಿದೆ. ಅಳುತ್ತಿದ್ದರು. ಆ ಮನುಷ್ಯೆ ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ನಾಲಗೆಯನ್ನು ನಾನೇ ಶಪಿಸಿಕೊಂಡೆ.

ಊಟಕ್ಕೆ ಕೂತಾಗ ನಮ್ಮೋರು ಸಮಾಧಾನ ಹೇಳಿದರು. "ಅದಕ್ಯಾಕೆ ಅಳ್ತೀಯ ಅಕ್ಕ? ಬೇರೆ ಕಡೆ ನರ್ಸರಿ ಇಲ್ವಾ? ತರಿಸಿದ್ರಾಯ್ತು."

"ಅದು ಬೇರೆ ನೀರಿನ ಗಿಡ ಕಣೋ. ನಮ್ಮ ಹಳ್ಳ ಇಳಿದು ಕೆಸರು ಹಸಿಯಾಗಿರುವಾಗಲೇ ಬೀಜ ಬೀಳಬೇಕು. ಬಿದ್ದ ಬೀಜ ನಾಲ್ಕು ದಿನ ತಡೆಯಲ್ಲ, ಸಾಯತ್ತೆ. ಬೇರೆ ಕಡೆ ಗಿಡ ಅದರದ್ದೇ ಹೊತ್ತಿಗೆ ಹೂ ಬಿಡತ್ತೆ. ಈ ಹಳ್ಳದ ಗಿಡವೇ ಬೇಕು."

ಈ ಹಳ್ಳದುದ್ದಕ್ಕೂ ಉಳಿದ ಕಡೆ ಕಲ್ಲಿನ ಗೋಡೆ ಎದ್ದು ಎಷ್ಟೋ ಕಾಲವಾಗಿತ್ತು. ಪರಿಚಯದವರನ್ನೆಲ್ಲ ಅವರು ಕೇಳಿ ನೋಡಿದರು. ಒಂದು ಪೊದೆಯೂ ಇರಲಿಲ್ಲ. ಉಳಿದದ್ದು ಆ ಮನೆಯ ಹಿಂದಿನ ಕೊಳ ಒಂದೇ. ಅದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ತಡೆಯಲಾರದೆ, "ನಾನೊಬ್ಬಳೇ ಹೋಗಿ ತರ್ತೀನಿ ಬಿಡಿ" ಎಂದೆ.

"ನಿಂಗೆ ಗಂಡು ಯಾವುದು ಹೆಣ್ಣು ಯಾವುದು ಗೊತ್ತಾಗತ್ತಾ?"

"ಗೊತ್ತಾಗದೆ ನಿಮ್ಮ ತಮ್ಮನ್ನ ಕಟ್ಕೊಂಡ್ನಾ?"

ಆಗ ನಕ್ಕರು. ನಕ್ಕರೇ ಹೊರತು ಹೊರಡಲಿಲ್ಲ. ಸ್ಟೂಲಿನ ಮೇಲೆ ಕೂತು ಕೆಸರು ನೋಡುವುದು, ಎದ್ದು ಬರುವುದು, ಮತ್ತೆ ಹೋಗಿ ಕೂರುವುದು. ಅವರು ಮನಸ್ಸು ಮಾಡುವಷ್ಟರಲ್ಲಿ ಹೂವಿನ ಕಾಲ ಕಳೆದು ಗಿಡಗಳಲ್ಲಿ ಎಲೆ ದಟ್ಟವಾಗಿತ್ತು. ಒಂದು ಬೆಳಗ್ಗೆ ಬೂಟಿನ ಬದಲು ಚಪ್ಪಲಿ ಮೆಟ್ಟಿ ಬಂದು ನಿಂತರು. "ನಡಿ," ಎಂದರು, ಅಷ್ಟೇ. ಬಸ್ಸಿನಲ್ಲಿ ಅವರ ಕೈ ತಣ್ಣಗಿತ್ತು. "ಹೆಣ್ಣು ನೋಡೋಕೆ ಹೊರಟಿದೀವಿ ಅಂದ್ಕೊಳ್ಳಿ. ಗಂಡಿನ ಕಡೆಯವರು ನಾವು, ಬಿಗುಮಾನದಲ್ಲಿರಬೇಕು," ಎಂದು ನಾನೇ ಏನೇನೋ ಹರಟಿದೆ.

ಬಾಗಿಲು ತೆರೆದವರು ಆ ಮನೆಯ ಕಿರಿಯ ಸೊಸೆ, ಜೊಂಡಕ್ಕನ ವಾರಗಿತ್ತಿ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು, ಹಿಡಿದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. "ಬನ್ನಿ ಅಕ್ಕ, ಒಳಗೆ ಬನ್ನಿ" ಎಂದು ಎರಡೆರಡು ಸಲ ಹೇಳಿದರು. ಜೊಂಡಕ್ಕ ಹೊಸಿಲನ್ನು ಒಮ್ಮೆ ನೋಡಿ ದಾಟಿದರು. ಮುಂದಿನ ಕೋಣೆಯಲ್ಲಿ ಗೋಡೆ ತುಂಬ ಗಡಿಯಾರ, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿತ್ತು. ಅವುಗಳ ಕೆಳಗೆ, ಬೆಂಚಿನ ಮೇಲೆ ಬಗ್ಗಿ, ಭಾವ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಕೂದಲೆಲ್ಲ ಬೆಳ್ಳಗಾಗಿತ್ತು. ತಲೆಯೆತ್ತಿದರು, ಭೂತಗನ್ನಡಿ ತೆಗೆದರು, ನೋಡಿದರು. "ಬಂದ್ಯಾ" ಎನ್ನಬಹುದಿತ್ತಲ್ಲ? ಊಹೂಂ!

ಜೊಂಡಕ್ಕ ವಾರಗಿತ್ತಿಯ ಕಡೆ ತಿರುಗಿ ಬಂದ ಕೆಲಸ ಹೇಳಿದರು.

"ಆ ಹತ್ತಿ ಹಾರೋ ಗಿಡಗಳಾ? ಅಯ್ಯೋ, ಕಡಿಸಿಹಾಕಿದ್ವಲ್ಲ ಅಕ್ಕ! ಬಟ್ಟೆ ಒಣಗಿಸೋ ಹಾಗಿರ್ಲಿಲ್ಲ, ಸಾರಿನ ಪಾತ್ರೆ ತೆಗೆಯೋ ಹಾಗಿರ್ಲಿಲ್ಲ, ಎಲ್ಲಾ ಕಡೆ ಹತ್ತಿ. ಹಾರದೇ ಇರೋವು ಇವೆ, ಬೇಕಾದಷ್ಟು ತಗೊಳ್ಳಿ."

ಹಾರದವು ಎಂದರೆ ಗಂಡು. ಜೊಂಡಕ್ಕ ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟರು. ಇಷ್ಟು ವರ್ಷದ ಬಿಗುಮಾನ ಬಿಟ್ಟು ಬಂದದ್ದು ಇದನ್ನು ಕೇಳಲಿಕ್ಕಾ! "ಏಳಿ, ಹೋಗೋಣ" ಎಂದು ಅವರ ತೋಳು ಹಿಡಿದೆ.

ಭಾವ ಎದ್ದರು. ಹಿಂಬಾಗಿಲಿನಿಂದ ಹೊರಟರು. ಹೋಗುತ್ತಿದ್ದವರು ನಿಂತು, ನಾವು ಬರುತ್ತೇವೋ ಇಲ್ಲವೋ ಎಂದು ತಿರುಗಿ ನೋಡಿದರು. ಹಿಂದೆ ಹೋದೆವು. ಕೊಳದ ಆಚೆ ತುದಿಯಲ್ಲಿ, ಮುರಿದ ಹೆಂಚುಗಳ ರಾಶಿಯ ಹಿಂದೆ ಒಂದು ಮುದಿ ಪೊದೆ. ಎಷ್ಟೋ ಸಲ ಕಡಿಸಿಕೊಂಡು ಎಷ್ಟೋ ಸಲ ಚಿಗುರಿದ ಗಿಡ. ಅದರ ಮುಂದೆ ನಿಂತರು.

"ಇದು?" ಎಂದರು ಜೊಂಡಕ್ಕ.

"ಹತ್ತಿ," ಎಂದರು ಭಾವ.

ನಾನು ಅವರ ಬಾಯಿಂದ ಕೇಳಿದ ಮೊದಲ ಮಾತು. ಆಮೇಲೆ, ನಮ್ಮನ್ನು ನೋಡದೆ, "ಇದೊಂದು ಇರಲಿ ಅಂದಿದ್ದೆ," ಎಂದರು.

ಜೊಂಡಕ್ಕ ಪೊದೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಆದರೆ ಎಲೆ ಇರುವಾಗ ಕಡಿದ ಕಡ್ಡಿ ಅಷ್ಟು ದೂರ ಬಸ್ಸಿನಲ್ಲಿ ಬಾಡುತ್ತದೆ. ಸಿಗುವುದೇ ಕೆಲವು ಕೊಂಬೆ. ಅವನ್ನು ಹಾಗೆ ಹಾಳು ಮಾಡಲು ಅವರಿಗೆ ಮನಸ್ಸಿಲ್ಲ. "ಎಲೆ ಉದುರಿದ ಮೇಲೆ ಕಡೀಬೇಕು," ಎಂದು ಗಿಡಕ್ಕೆ ಹೇಳಿದ ಹಾಗೆ ಹೇಳಿದರು. ಭಾವ ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು ಸಂಭಾಷಣೆ.

ವಾಪಸ್ ಬರುವಾಗ ನಾನು ಕೆಂಡಾಮಂಡಲವಾಗಿದ್ದೆ. "ಆ ಕಾಲಕ್ಕೆ ಕಡಿದು ಕಳಿಸಿ ಅಂತ ಬಾಯಿಬಿಟ್ಟು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಅವರಿಗೆ ಮಾತು ಬರಲ್ಲ ಅಂತೀರಿ, ನೀವೇನು ಕಮ್ಮಿನಾ?"

ಜೊಂಡಕ್ಕ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಸುಮಾರು ದೂರ ಬಂದ ಮೇಲೆ, "ಕೇಳ್ಬೇಕು ಅಂದ್ಕೊಂಡೆ ಕಣೆ. ಬಾಯಿಗೆ ಬರ್ಲಿಲ್ಲ," ಎಂದರು. ನನಗೆ ಮುಂದೆ ಬೈಯಲಾಗಲಿಲ್ಲ.

ಆ ಮಳೆಗಾಲ ಹಳ್ಳ ದರ್ಜಿಯ ಹಿತ್ತಲ ಮೂಲೆಯನ್ನು ಕಚ್ಚಿತು. ಖಾಲಿ ಬಿದ್ದ ಕಡೆ, ಎಲೆ ಉದುರುವ ತನಕ ಕಾಯಲಾಗದೆ, ನಾನೇ ಇಳಿದು ಕಡ್ಡಿ ಬಡಿದೆ. ಅರ್ಧಕ್ಕರ್ಧ ತಲೆಕೆಳಗಾಗಿ ಬಡಿದಿದ್ದೆನಂತೆ, ಮೇಲಿನಿಂದ ಬೈಗುಳ ತಿಂದೆ. ಚಳಿ ಬಂತು. ದಂಡೆಯ ಎಲೆಗಳು ಹಳದಿಯಾಗಿ ಉದುರಿದವು. ಜೊಂಡಕ್ಕ ಸ್ಟೂಲನ್ನು ಹಿತ್ತಲಿನಿಂದ ಮುಂಬಾಗಿಲಿಗೆ ತಂದುಕೊಂಡರು. ಯಾರನ್ನೂ ಕಾಯುತ್ತಿಲ್ಲವಂತೆ, ಬಿಸಿಲು ಕಾಯಿಸಿಕೊಳ್ಳುತ್ತಿದ್ದರಂತೆ. ನಮ್ಮ ಮುಂಬಾಗಿಲಿಗೆ ಬಿಸಿಲೇ ಬೀಳುವುದಿಲ್ಲ.

ಭಾವ ಬಂದರು. ಹೆಗಲ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ಕಟ್ಟು, ಬೆನ್ನೆಲ್ಲ ನೀರಿಳಿದು ತೊಯ್ದಿತ್ತು. ಜೊಂಡಕ್ಕ ಕಟ್ಟು ಬಿಚ್ಚಿದರು. ಕಡ್ಡಿಗಳ ಬುಡ ಓರೆ, ತಲೆ ಸಪಾಟು, ಒಂದೂ ತಪ್ಪಿಲ್ಲ. "ಹೀಗೆ ಕಡೀಬೇಕು ಅಂತ ನಿಮಗೆ ಯಾರು ಹೇಳಿದ್ರು?" ಎಂದರು.

"ಕೇಳಿದೆ," ಎಂದರು ಭಾವ. "ಒಬ್ಬರು ತೋಟದೋರನ್ನ."

ಅವರು ಹೋಗಿ ಒಬ್ಬರನ್ನು ಮಾತಾಡಿಸಿ ಕೇಳಿದರೆಂಬುದು ಜೊಂಡಕ್ಕನಿಗೆ ಕಡ್ಡಿಗಳಿಗಿಂತ ದೊಡ್ಡ ಆಶ್ಚರ್ಯ. ನೆನೆಹಾಕಿದ ಕಡ್ಡಿಗಳನ್ನು ನೆಡಲು ಭಾವ ಮತ್ತೆ ಬಂದರು. ಜೊಂಡಕ್ಕ ದಂಡೆಯ ಮೇಲಿನ ಸ್ಟೂಲಿನಿಂದ "ಇನ್ನೂ ಓರೆ, ಇನ್ನೂ ಕೆಳಗೆ" ಎನ್ನುತ್ತಿದ್ದರೆ ಇವರು ನೀರಿನಲ್ಲಿ ನಿಂತು ಕೊಡತಿಯಿಂದ ಬಡಿದರು. ಗಡಿಯಾರ ರಿಪೇರಿಯ ಕೈ, ಮೆತ್ತಗೆ ಬಡಿಯುತ್ತಿತ್ತು. ಊಟ ಮಾಡಿ ಸಂಜೆ ಬಸ್ಸಿಗೆ ಹೋದರು. ಮುಂದಿನ ಚಳಿಗಾಲವೂ ಒಂದು ಕಟ್ಟು ತಂದರು, ನೆಟ್ಟರು, ಹೋದರು.

ಅದರ ಮುಂದಿನ ಹೂವಿನ ಕಾಲದಲ್ಲಿ ಬೀದಿಗೆ ಬೀದಿಯೇ ನನ್ನ ಮೇಲೆ ಜಗಳಕ್ಕೆ ಬಂತು. ಒಣಹಾಕಿದ ಬಟ್ಟೆಗೆ ಹತ್ತಿ, ದರ್ಜಿಯ ಕಪ್ಪು ಕೋಟಿಗೆ ಹತ್ತಿ, ಹಾಲಿನ ಪಾತ್ರೆಯಲ್ಲಿ ಹತ್ತಿ. ನಾನು ಎಲ್ಲರಿಗೂ ಬೈದು ಕಳಿಸಿದೆ. ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಗ್ಗೆ ಸ್ಟೂಲು ಖಾಲಿ ಇತ್ತು. ಓಡಿ ನೋಡಿದರೆ ಜೊಂಡಕ್ಕ ಡಾಕ್ಟರ ಮಾತು ಗಾಳಿಗೆ ತೂರಿ, ಬೂಟು ಹಾಕಿಕೊಂಡು ತಿರುವಿನ ಕೆಸರಿನಲ್ಲಿ ನಿಂತಿದ್ದಾರೆ. ಅವರ ಕಾಲ ಬುಡದಲ್ಲಿ ಕೆಸರಿನ ಮೇಲೆ ಹಸಿರು ನೂಲೆಳೆಗಳು, ಎರಡೆರಡೇ ಎಲೆ. ಯಾರೂ ನೆಡದವು. ನಾನು ಅಲ್ಲೇ ಅತ್ತುಬಿಟ್ಟೆ, ಜೊಂಡಕ್ಕ ಅಳಲಿಲ್ಲ, "ಹಿಂದೆ ಸರಿಯೇ, ತುಳೀತೀಯ!" ಎಂದು ಗದರಿದರು.

ಭಾವನಿಗೆ ಫೋನ್ ಮಾಡಿದವಳು ನಾನು. ಮರುದಿನವೇ ಬಂದರು. ಕೆಸರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಗಿಸಿಕೊಂಡು, ಆ ಎರಡೆಲೆಯ ಮರಿಗಳನ್ನು ತುಂಬ ಹೊತ್ತು ನೋಡಿದರು. ಕನ್ನಡಿ ತೆಗೆಯದೆಯೇ, ತಲೆ ಎತ್ತದೆಯೇ ಕೇಳಿದರು.

"ಅವತ್ತು ಯಾಕೆ ಹೋದೆ?"

ನಾನು ಚಹಾದ ಲೋಟಗಳನ್ನು ಹಿಡಿದು ಅವರ ಹಿಂದೆಯೇ ನಿಂತಿದ್ದೆ.

"ಈ ಒಂದು ಮಾತು ಅವತ್ತು ಕೇಳಿದ್ದಿದ್ರೆ ಹೋಗ್ತಾನೇ ಇರ್ಲಿಲ್ಲ," ಎಂದರು ಜೊಂಡಕ್ಕ. "ಚೀಲ ಹಿಡಿದು ನಿಮ್ಮ ಬೆಂಚಿನ ಮುಂದೆ ನಿಂತಿದ್ದೆ. ನೀವು ನೋಡಿದ್ರಿ. ನೋಡಿ, ಮತ್ತೆ ಗಡಿಯಾರಕ್ಕೆ ಬಗ್ಗಿದ್ರಿ. ಎಲ್ಲಿಗೆ ಅನ್ಲಿಲ್ಲ, ಯಾಕೆ ಅನ್ಲಿಲ್ಲ. ಬಸ್ಸು ಬರೋ ತನಕ ರಸ್ತೆ ನೋಡಿದೆ."

ಮುಗೀತು, ಭಾವನ ಬಾಯಿಗೆ ಮತ್ತೆ ಬೀಗ ಬಿತ್ತು ಎಂದುಕೊಂಡೆ ನಾನು. ಅವರು ಭೂತಗನ್ನಡಿ ತೆಗೆದು, ಒರೆಸಿ, ಜೇಬಿಗೆ ಹಾಕಿದರು. ಆ ಕಣ್ಣು ಕೆಂಪಾಗಿತ್ತು. ಹಸಿ ಮಣ್ಣಿನ ಮೇಲೆ ಹಾಗೆಯೇ ಚಕ್ಕಳಬಕ್ಕಳ ಹಾಕಿ ಕೂತರು.

"ಈಗ ಕೇಳ್ತಾ ಇದೀನಿ," ಎಂದರು. "ಹೇಳು. ಮೊದಲಿಂದ ಹೇಳು."

ಜೊಂಡಕ್ಕ ಸ್ಟೂಲು ಎಳೆದುಕೊಂಡು ಕೂತು ಹೇಳತೊಡಗಿದರು. ಇಷ್ಟು ವರ್ಷ ನಾನು ಕೆದಕಿ ಕೆದಕಿ ಸೋತ ಮಾತು, ನಾಲ್ಕು ಹೆಜ್ಜೆ ಆಚೆ ನಿಂತರೆ ಪುಕ್ಕಟೆ ಕೇಳಬಹುದಿತ್ತು. ಆದರೆ ಅದು ನನಗೆ ಹೇಳುತ್ತಿದ್ದ ಮಾತಲ್ಲ. ಲೋಟಗಳನ್ನು ದಂಡೆಯ ಮೇಲಿಟ್ಟು, ಕಣ್ಣೊರೆಸಿಕೊಂಡು ಒಳಗೆ ಬಂದೆ. ಮಧ್ಯಾಹ್ನ ಊಟಕ್ಕೆ ಕರೆಯಲು ಹಿಂಬಾಗಿಲಿಗೆ ಹೋದಾಗ ಜೊಂಡಕ್ಕ ಇನ್ನೂ ಹೇಳುತ್ತಿದ್ದರು. ಕರೆಯದೆ ಬಾಗಿಲು ಎಳೆದುಕೊಂಡೆ.